ಗುಡ್ಡ ಕುಸಿದ ಮೇಲೆ, ಹಿಟಾಚಿ ಬರುವ ಮೊದಲು

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಿಗೆ,
ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,
ಉತ್ತರ ಕನ್ನಡ, ಕಾರವಾರ.

ವಿಷಯ: ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗ ಕಂಪನಿ, ಪ್ರಾಧಿಕಾರ, ಇಲಾಖೆಗಳನ್ನೂ ಆರೋಪಿಗಳನ್ನಾಗಿ ಹೆಸರಿಸುವ ಬಗ್ಗೆ.

ಮಾನ್ಯರೇ,

2024ರ ಜುಲೈ 16, ಪುನರ್ವಸು ಮಳೆಯ ಬೆಳಗು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ಟ್ಯಾಂಕರು, ಲಾರಿ ಎಲ್ಲ ಗಂಗಾವಳಿ ನದಿಯ ಪಾಲಾದವು. ಕೇರಳದ ಲಾರಿಯನ್ನು ನದಿಯಿಂದ ಎತ್ತುವ ಹೊತ್ತಿಗೆ ಸೆಪ್ಟೆಂಬರ್ 25 ಆಗಿತ್ತು. ಆ ಲಾರಿ ಇನ್ನೂ ನದಿಯಲ್ಲಿರುವಾಗಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಅಲ್ಲಿ ಲಾರಿ ಚಾಲಕ ಬದುಕಿಕೊಂಡ. ಅದೇ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ, 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಜನ ಸತ್ತರು.

ಇವುಗಳಲ್ಲಿ ಯಾರದು ತಪ್ಪು ಎಂದು ತೀರ್ಪು ಹೇಳುವುದು ನಮ್ಮ ಉದ್ದೇಶವಲ್ಲ. ಅದು ನ್ಯಾಯಾಲಯದ ಕೆಲಸ. ಆದರೆ ಇಂಥ ಸಾವು ನ್ಯಾಯಾಲಯದವರೆಗೆ ಹೋಗುವ ದಾರಿಯಲ್ಲಿ ಎಲ್ಲಿ ಸೋರಿಹೋಗುತ್ತದೆ ಎಂಬುದು ಜಿಲ್ಲೆಯಲ್ಲಿ ವಕಾಲತ್ತು ಮಾಡುವವರಿಗೂ ರಸ್ತೆ, ಗೋಡೆ ಕಟ್ಟಿಸಿದವರಿಗೂ ಚೆನ್ನಾಗಿ ಗೊತ್ತು. ಸ್ಥಳದಲ್ಲಿ ಇದ್ದವನು ಸಿಗುತ್ತಾನೆ: ದೋಣಿ ನಡೆಸಿದವನು, ಸ್ಟೇರಿಂಗ್ ಹಿಡಿದವನು, ಮಕ್ಕಳ ಜೊತೆ ಬಂದ ಮೇಷ್ಟ್ರು, ಲೈನ್‌ಮನ್. ಅವನಿಗಿಂತ ಮೂರು ಮೆಟ್ಟಿಲು ಮೇಲೆ ಕೂತು ನಕ್ಷೆಗೆ ಸಹಿ ಹಾಕಿದವರು, ದುರಸ್ತಿಯ ಹಣ ತಡೆದವರು, ಎಚ್ಚರಿಕೆ ಪತ್ರವನ್ನು ಕಡತದಲ್ಲಿ ಮಲಗಿಸಿದವರು ಎಫ್‌ಐಆರ್‌ನ ‘ಇತರರು’ ಎಂಬ ಒಂದು ಪದದೊಳಗೆ ಅಡಗಿಬಿಡುತ್ತಾರೆ. ದೋಷಾರೋಪ ಪಟ್ಟಿ ಬರುವಾಗ ಆ ಪದವೂ ಇರುವುದಿಲ್ಲ.

ಕಾನೂನಿನಲ್ಲೇ ಅವಕಾಶವಿಲ್ಲ ಎಂದು ಠಾಣೆಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 2(26)ರ ಪ್ರಕಾರ ‘ವ್ಯಕ್ತಿ’ ಎಂದರೆ ಕಂಪನಿಯೂ ಹೌದು, ಸಂಘ ಸಂಸ್ಥೆಯೂ ಹೌದು, ನೋಂದಣಿ ಆಗಿರಲಿ ಬಿಡಲಿ. ಕಂಪನಿಯನ್ನು ಜೈಲಿಗೆ ಹಾಕಲು ಬರುವುದಿಲ್ಲ ಎಂಬ ಕಾರಣಕ್ಕೆ ಮೊಕದ್ದಮೆಯಿಂದ ಬಿಡುವಂತಿಲ್ಲ, ದಂಡ ಹಾಕಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2005ರಲ್ಲೇ ಹೇಳಿದೆ. ಆರೋಪಿ ಕಂಪನಿಯ ಪರವಾಗಿ ಕಟಕಟೆಯಲ್ಲಿ ಯಾರು ನಿಲ್ಲಬೇಕು ಎಂಬುದಕ್ಕೆ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 342 ಇದೆ. ಸರ್ಕಾರವೂ ಇದರಿಂದ ಹೊರಗಲ್ಲ. ಲೈಸೆನ್ಸ್ ಇಲ್ಲದೆ ಸಂತೆ ನಡೆಸಿದ್ದಕ್ಕೆ ಪಶ್ಚಿಮ ಬಂಗಾಳ ರಾಜ್ಯದ ಮೇಲೆಯೇ ಕಲ್ಕತ್ತಾ ಕಾರ್ಪೊರೇಷನ್ ಕ್ರಿಮಿನಲ್ ಮೊಕದ್ದಮೆ ಹೂಡಿತ್ತು. ಹೈಕೋರ್ಟ್ ಹಾಕಿದ ದಂಡ 250 ರೂಪಾಯಿ. 1967ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಸ್ಪಷ್ಟ ವಿನಾಯಿತಿ ಇಲ್ಲದಿದ್ದರೆ ಕಾಯ್ದೆ ರಾಜ್ಯವನ್ನೂ ಕಟ್ಟಿಹಾಕುತ್ತದೆ ಎಂದು ಎತ್ತಿಹಿಡಿಯಿತು. ಸಂತೆಯ ಲೈಸೆನ್ಸಿಗೆ ರಾಜ್ಯ ಸರ್ಕಾರವನ್ನು ಕೋರ್ಟಿಗೆ ಎಳೆಯಬಹುದಾದರೆ, ಹೆಣ ಬಿದ್ದಾಗ ಒಂದು ಪ್ರಾಧಿಕಾರದ ಹೆಸರು ಬರೆಯಲು ಕೈ ನಡುಗಬೇಕಾಗಿಲ್ಲ. ಕಾಳಿ ಸೇತುವೆ ಬಿದ್ದಾಗ ಕಾರವಾರದಲ್ಲೇ ಹೆದ್ದಾರಿ ಪ್ರಾಧಿಕಾರ ಮತ್ತು ಗುತ್ತಿಗೆ ಕಂಪನಿಯ ಮೇಲೆ ಎಫ್‌ಐಆರ್ ಆಯಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತಾಗಲೂ ಕ್ರಿಕೆಟ್ ತಂಡದ ಫ್ರಾಂಚೈಸಿ, ಕಾರ್ಯಕ್ರಮ ನಡೆಸಿದ ಕಂಪನಿ, ಕ್ರಿಕೆಟ್ ಸಂಸ್ಥೆ ಮೂರನ್ನೂ ಹೆಸರಿಸಲಾಯಿತು.

ಹೆಸರು ಬರೆಯುವುದು ಸುಲಭ. ಅದು ನಿಲ್ಲಬೇಕಲ್ಲ! ನಿರ್ಲಕ್ಷ್ಯದ ಸಾವಿಗೆ ನ್ಯಾಯ ಸಂಹಿತೆಯ ಕಲಂ 106(1), ಐದು ವರ್ಷದವರೆಗೆ ಶಿಕ್ಷೆ. ಹಳೆಯ ದಂಡ ಸಂಹಿತೆಯ 304-ಎ ಇದ್ದಾಗ ಎರಡೇ ವರ್ಷ ಇತ್ತು. ಆದರೆ ಆಪಾದಿತ ಕೃತ್ಯವೇ ಸಾವಿನ ನೇರ, ಹತ್ತಿರದ ಕಾರಣ ಆಗಿರಬೇಕು, ನಡುವೆ ಇನ್ನೊಬ್ಬರ ತಪ್ಪು ಬಂದಿರಬಾರದು ಎಂದು 1965ರಿಂದ ನ್ಯಾಯಾಲಯಗಳು ಹೇಳುತ್ತ ಬಂದಿವೆ. ದೊಡ್ಡ ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ಕೊಡೆ ಬೇಕಿಲ್ಲ. ನಕ್ಷೆ ಮಾಡಿದ ಸಲಹಾ ಸಂಸ್ಥೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಉಪಗುತ್ತಿಗೆದಾರನನ್ನು, ಅವನು ಪ್ರಾಧಿಕಾರವನ್ನು, ಪ್ರಾಧಿಕಾರ ಕೆಲಸದ ಮೇಲ್ವಿಚಾರಣೆಯ ಸ್ವತಂತ್ರ ಎಂಜಿನಿಯರನ್ನು. ಕೊನೆಗೆ ಎಲ್ಲರೂ ಸೇರಿ ಮಳೆಯನ್ನು ತೋರಿಸುತ್ತಾರೆ. ನಿರ್ದೇಶಕರ ವಿಷಯಕ್ಕೆ ಬಂದರೆ, ಕಾಯ್ದೆಯಲ್ಲಿ ಬರೆದಿಲ್ಲದಿದ್ದರೆ ಕಂಪನಿಯ ಅಪರಾಧ ತಾನಾಗಿ ನಿರ್ದೇಶಕರ ತಲೆಗೆ ಬರುವುದಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನ್ಯಾಯ ಸಂಹಿತೆಯಲ್ಲಿ ಹಾಗೆ ಬರೆದಿಲ್ಲ.

ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಬರೆದಿದೆ. ಜಿಲ್ಲಾಧಿಕಾರಿಗಳೇ, ಈ ಪತ್ರದ ಮುಖ್ಯ ಮಾತು ಇಲ್ಲಿದೆ.

ಆ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರ ಕೊಟ್ಟ ನಿರ್ದೇಶನವನ್ನು ಸಕಾರಣವಿಲ್ಲದೆ ಪಾಲಿಸದಿದ್ದರೆ ಕಲಂ 51ರಂತೆ ಒಂದು ವರ್ಷದವರೆಗೆ ಶಿಕ್ಷೆ. ಅದರಿಂದ ಜೀವ ಹೋದರೆ ಎರಡು ವರ್ಷ. ಕಂಪನಿಯಾದರೆ ಕಲಂ 58: ವ್ಯವಹಾರದ ಹೊಣೆ ಹೊತ್ತವರೂ ಹೊಣೆ, ನಿರ್ದೇಶಕರ ಅಥವಾ ವ್ಯವಸ್ಥಾಪಕರ ನಿರ್ಲಕ್ಷ್ಯ ಕಾರಣವಾಗಿದ್ದರೆ ಅವರೂ ಹೊಣೆ. ಸರ್ಕಾರಿ ಇಲಾಖೆಯಾದರೆ ಕಲಂ 55ರಂತೆ ಇಲಾಖಾ ಮುಖ್ಯಸ್ಥರೇ ತಪ್ಪಿತಸ್ಥರೆಂದು ಮೊದಲು ಭಾವಿಸಲಾಗುತ್ತದೆ. ತನಗೆ ಗೊತ್ತಿರಲಿಲ್ಲ ಅಥವಾ ತಾನು ಎಲ್ಲ ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕಾದವರು ಅವರು. ಎರಡು ವರ್ಷ ದೊಡ್ಡ ಶಿಕ್ಷೆಯಲ್ಲ, ನಿಜ. ಆದರೆ ಮೇಲಿನವರ ಮನೆ ಬಾಗಿಲಿಗೆ ಕಾನೂನು ಹೋಗುವ ರಸ್ತೆ ಇದೊಂದೇ ಚೊಕ್ಕವಾಗಿದೆ.

ಅದಕ್ಕೆ ಮುಖ್ಯ ಷರತ್ತು ಒಂದಿದೆ. ಸಾವಿಗಿಂತ ಮೊದಲು ತಮ್ಮ ಸಹಿಯ ನಿರ್ದೇಶನ ಇರಬೇಕು.

ಮಳೆಗಾಲದ ಪೂರ್ವಸಿದ್ಧತಾ ಸಭೆಯಲ್ಲಿ ‘ಹೆದ್ದಾರಿಯವರು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ನಡಾವಳಿ ಬರೆದರೆ ಅದು ನಿರ್ದೇಶನವಲ್ಲ, ಹಾರೈಕೆ. ಯಾವ ಕ್ರಮ, ಎಲ್ಲಿ, ಯಾರು, ಯಾವ ತಾರೀಖಿನೊಳಗೆ ಎಂಬುದಿಲ್ಲದ ಆದೇಶವನ್ನು ‘ಪಾಲಿಸಲಿಲ್ಲ’ ಎಂದು ಸಾಬೀತು ಮಾಡಲು ಯಾವ ಅಭಿಯೋಜಕರಿಂದಲೂ ಆಗದು. ಆದ್ದರಿಂದ ಅಪಾಯದ ಪ್ರತಿ ಜಾಗಕ್ಕೂ ಒಂದು ಪ್ರತ್ಯೇಕ ಪತ್ರ ಬೇಕು. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಜಿಪಿಎಸ್, ನಾಲ್ಕು ದಿಕ್ಕಿನ ಫೋಟೊ, ಕಾಯ್ದೆಯ ಕಲಂ, ಕೆಲಸದ ವಿವರ, ಕೊನೆಯ ದಿನ. ಕಂಪನಿಯ ಸೈಟ್ ಆಫೀಸಿಗೆ ಮಾತ್ರ ಕೊಟ್ಟರೆ ಸಾಲದು. ನೋಂದಾಯಿತ ಕಚೇರಿಗೆ ರಿಜಿಸ್ಟರ್ಡ್ ಅಂಚೆ, ಜೊತೆಗೆ ಕಂಪನಿ ಕಾರ್ಯದರ್ಶಿಗೆ ಇ-ಮೇಲ್. ‘ನಮಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.

ಪತ್ರದಲ್ಲಿ ಏನು ಬರೆಯಬೇಕು ಎಂಬುದಕ್ಕೆ ನಮ್ಮ ಗುಡ್ಡಗಳ ಗುಣ ತಿಳಿದಿರಬೇಕು. ಕರಾವಳಿಯ ಗುಡ್ಡದಲ್ಲಿ ಮೇಲೆ ಚಿರೆಕಲ್ಲಿನ ಗಟ್ಟಿ ಚಿಪ್ಪು, ಅದರಡಿ ಬಿಳಿ, ನೇರಳೆ ಬಣ್ಣದ ಶೇಡಿ ಮಣ್ಣು, ಅದರಡಿ ಕೊಳೆತ ಬಂಡೆ ಇರುವುದು ಸಾಮಾನ್ಯ. ಜನವರಿಯಲ್ಲಿ ಇದನ್ನು ಹಿಟಾಚಿಯಲ್ಲಿ ನೆಟ್ಟಗೆ ಕಡಿದರೆ ಗೋಡೆಯಂತೆ ನಿಲ್ಲುತ್ತದೆ. ಮೋಸ ಇರುವುದೇ ಅಲ್ಲಿ. ನೀರು ಕುಡಿದ ಶೇಡಿಗೆ ಬಲ ಇಲ್ಲ, ಅದು ನೀರನ್ನು ಬೇಗ ಬಿಡುವುದೂ ಇಲ್ಲ. ಒಳಗೆ ಒತ್ತಡ ಏರುತ್ತದೆ, ಬುಡ ಜಾರುತ್ತದೆ, ಮೇಲಿನ ಚಿಪ್ಪು ಮರಗಿಡ ಸಮೇತ ಕುಳಿತುಬಿಡುತ್ತದೆ. ಹಾಗಾದರೆ ನೆಟ್ಟಗೆ ಏಕೆ ಕಡಿಯುತ್ತಾರೆ? ಭೂಮಿಯ ಲೆಕ್ಕ. 20 ಮೀಟರ್ ಎತ್ತರದ ಗುಡ್ಡವನ್ನು ಒಂದಕ್ಕೊಂದರ ಓಟದಲ್ಲಿ (ಒಂದು ಮೀಟರ್ ಎತ್ತರಕ್ಕೆ ಒಂದು ಮೀಟರ್ ಅಡ್ಡ) ಇಳಿಜಾರು ಮಾಡಿ, ನಡುವೆ 2 ಮೀಟರಿನ ಮೂರು ಮೆಟ್ಟಿಲು ಬಿಟ್ಟರೆ ಅಡ್ಡಕ್ಕೆ 26 ಮೀಟರ್ ಜಾಗ ಬೇಕು. ನೆಟ್ಟಗೆ ಕಡಿದರೆ ಒಂದು ಅಡಿಯೂ ಬೇಡ. ಹಾಗೆ ಉಳಿಯುವ 26 ಮೀಟರ್ ಭೂಸ್ವಾಧೀನದ ಹಣವೂ ಹೌದು, ಅರಣ್ಯ ಇಲಾಖೆಯ ಅನುಮತಿಗೆ ಕಾಯುವ ತಿಂಗಳುಗಳೂ ಹೌದು. ನಿರ್ಲಕ್ಷ್ಯ ಎಂಬುದು ಇಲ್ಲಿ ಯಾರೋ ಕಣ್ಣು ಮುಚ್ಚಿ ಮಾಡಿದ ಕೆಲಸವಲ್ಲ, ಕಾಗದದ ಮೇಲೆ ಲೆಕ್ಕ ಹಾಕಿ ಆಯ್ದುಕೊಂಡದ್ದು ಆಗಿರಬಹುದು. ಆ ಕಾಗದ ಸಿಕ್ಕರೆ ಕೇಸಿನ ಸ್ವರೂಪವೇ ಬೇರೆ.

ಹಾಗಾಗಿ ನಿರ್ದೇಶನದಲ್ಲಿ ಹೇಳಬೇಕಾದ್ದು: ಗುಡ್ಡದ ನೆತ್ತಿಯ ಹಿಂದೆ ನೀರು ತಡೆಯುವ ಚರಂಡಿ, ಅದೂ ಸಿಮೆಂಟ್ ಒಳಮೈ ಇರುವಂಥದ್ದು. ಬರೀ ಮಣ್ಣಿನ ಕಾಲುವೆಯಾದರೆ ಅದೇ ನೀರನ್ನು ಗುಡ್ಡದ ಹೊಟ್ಟೆಗೆ ಇಳಿಸುತ್ತದೆ, ಇಲ್ಲದಿದ್ದರೇ ವಾಸಿ. ತಡೆಗೋಡೆಯಲ್ಲಿ ನೀರು ಬಸಿಯುವ ತೂತುಗಳು, ಸಾಮಾನ್ಯವಾಗಿ ನಾಲ್ಕು ಇಂಚಿನ ಪೈಪು, ಸುಮಾರು ಒಂದೂವರೆ ಮೀಟರಿಗೊಂದು, ಹಿಂದೆ ಜಲ್ಲಿಯ ಸೋಸು ಪದರ. ಸೋಸು ಪದರ ಇಲ್ಲದ ಪೈಪಿಗೆ ಒಂದೇ ಮಳೆಗಾಲದಲ್ಲಿ ಶೇಡಿ ತುಂಬಿಕೊಳ್ಳುತ್ತದೆ. ಜಡಿಮಳೆಯಲ್ಲೂ ಪೈಪಿನಿಂದ ನೀರು ಬರುತ್ತಿಲ್ಲ ಎಂದರೆ ಗೋಡೆ ಗಟ್ಟಿಯಿದೆ ಎಂದು ತಪಾಸಣಾ ವರದಿಯಲ್ಲಿ ಬರೆಯುತ್ತಾರೆ. ಅರ್ಥ ತದ್ವಿರುದ್ಧ: ನೀರು ಒಳಗೇ ನಿಂತಿದೆ. ನೆತ್ತಿಯಲ್ಲಿ ಬಿರುಕು, ಓರೆಯಾದ ಮರ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕದಡುವುದು, ಇವುಗಳನ್ನು ವಾರಕ್ಕೊಮ್ಮೆ ನೋಡಿ ಸಹಿ ಹಾಕುವವರು ಯಾರು ಎಂದು ಹುದ್ದೆಯ ಸಮೇತ ಬರೆಸಬೇಕು. ಕೆಲಸ ಮುಗಿಯುವವರೆಗೆ ಆ ಬುಡದಲ್ಲಿ ಅಂಗಡಿ, ಲಾರಿ ನಿಲುಗಡೆ ಬೇಡವೆಂದರೆ ಅದನ್ನೂ ಬರೆಯಬೇಕು. ಪರ್ಯಾಯ ಜಾಗ ತೋರಿಸದೆ ಚಹಾ ಅಂಗಡಿಯವರನ್ನು ಮಾತ್ರ ಎಬ್ಬಿಸುವುದು ನ್ಯಾಯವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಇನ್ನೊಂದು ತೊಡಕು. ಇಳಿಜಾರು ರಕ್ಷಣೆಯ ಕೆಲಸ ಮೂಲ ಗುತ್ತಿಗೆಯಲ್ಲಿ ಇದೆಯೋ, ಹೆಚ್ಚುವರಿ ಕೆಲಸವೋ ಎಂಬ ಜಗಳ ವರ್ಷಗಟ್ಟಲೆ ನಡೆಯುತ್ತದೆ. ಕಂಪನಿ ಹಣ ಕೇಳುತ್ತದೆ, ಪ್ರಾಧಿಕಾರ ನಿಮ್ಮದೇ ಕೆಲಸ ಎನ್ನುತ್ತದೆ. ಆ ಪತ್ರವ್ಯವಹಾರದಲ್ಲಿ ಇಬ್ಬರೂ ಒಪ್ಪಿಕೊಳ್ಳುವ ಸಂಗತಿ ಒಂದಿರುತ್ತದೆ: ಜಾಗ ಅಪಾಯದ್ದು. ತಾವು ಈಗಲೇ ಆ ಪತ್ರಗಳನ್ನು ಕೇಳಿ ತರಿಸಿಕೊಳ್ಳಿ. ನಿರ್ದೇಶನವನ್ನು ಇಬ್ಬರ ಹೆಸರಿಗೂ ಜಂಟಿಯಾಗಿ ಕೊಡಿ. ಖರ್ಚಿನ ಜಗಳ ಅವರವರಲ್ಲಿ ನಡೆಯಲಿ.

ವಿಪತ್ತು ನಿರ್ವಹಣಾ ಕಾಯ್ದೆಯ ಅಪರಾಧವನ್ನು ನ್ಯಾಯಾಲಯ ಪೊಲೀಸ್ ವರದಿಯ ಮೇಲೆ ಕೈಗೆತ್ತಿಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಕಲಂ 60ರ ಪ್ರಕಾರ ಪ್ರಾಧಿಕಾರವೋ ಅಧಿಕೃತ ಅಧಿಕಾರಿಯೋ ದೂರು ಕೊಡಬೇಕು, ಇಲ್ಲವೇ ಯಾರಾದರೂ 30 ದಿನಗಳ ನೋಟಿಸ್ ಕೊಟ್ಟು ಕೋರ್ಟಿಗೆ ಹೋಗಬೇಕು. ತಾವು ದೂರು ಕೊಡದಿದ್ದರೆ ಸತ್ತವರ ಮನೆಯವರು ಕೊಡಬಹುದು. ಆದರೆ ತಮ್ಮ ಕಚೇರಿಯ ಕಡತ ಅವರ ಕೈಯಲ್ಲಿ ಇರುವುದಿಲ್ಲ.

ಇನ್ನು ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ.

ಗುಡ್ಡವೋ ಗೋಡೆಯೋ ವಿದ್ಯುತ್ ತಂತಿಯೋ ಬಿದ್ದು ಸಾವಾದಾಗ ಠಾಣೆಯಲ್ಲಿ ಮೊದಲು ಆಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಸುರಕ್ಷಾ ಸಂಹಿತೆಯ ಕಲಂ 194ರಡಿ ಪಂಚನಾಮೆ, ಮರಣೋತ್ತರ ಪರೀಕ್ಷೆ, ‘ಆಕಸ್ಮಿಕ’ ಎಂಬ ಷರಾ, ಕಡತ ಬಂದ್. ಎಫ್‌ಐಆರ್ ಮಾಡುವ ಮನಸ್ಸಿದ್ದರೂ ಇನ್ನೊಂದು ಬಾಗಿಲು ತೆರೆದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು ಎನ್ನುತ್ತದೆ ಅದೇ ಸಂಹಿತೆಯ ಕಲಂ 173(3). 106(1) ಈ ಮಿತಿಯೊಳಗೇ ಬೀಳುತ್ತದೆ. ಗುಡ್ಡ ಕುಸಿದ ಪ್ರಕರಣದಲ್ಲಿ 14 ದಿನ ಎಂದರೆ ಸಾಕ್ಷ್ಯವೆಲ್ಲ ಹಿಟಾಚಿಯ ಬಕೆಟ್ಟಿನಲ್ಲಿ ನದಿಗೆ ಹೋಗಿರುತ್ತದೆ. ಇಂಥ ಸಾವುಗಳಲ್ಲಿ ಆ ಅನುಮತಿ ಕೊಡಬಾರದು ಎಂದು ತಾವೊಂದು ಸುತ್ತೋಲೆ ಹೊರಡಿಸಿದರೆ ಸಾಕು.

ವಿಧಿವಿಜ್ಞಾನ ತಂಡದ ಭೇಟಿಯನ್ನು ಹೊಸ ಸಂಹಿತೆ ಕಡ್ಡಾಯ ಮಾಡಹೊರಟಿರುವುದು ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ. ಐದು ವರ್ಷದ 106 ಅದರಲ್ಲಿ ಬರುವುದಿಲ್ಲ. ಕಳ್ಳತನದ ಕೆಲವು ಪ್ರಕರಣಗಳಿಗೆ ಬರುವ ತಂಡ ಹತ್ತು ಹೆಣ ಬಿದ್ದಲ್ಲಿಗೆ ಬರಬೇಕಿಲ್ಲ, ನೋಡಿ ಹೇಗಿದೆ! ಕಡ್ಡಾಯವಲ್ಲದಿದ್ದರೂ ಕರೆಸಲು ಅಡ್ಡಿಯಿಲ್ಲ.

ಮೊದಲು ಜನರನ್ನು ಹುಡುಕುವ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಕಾಟ ನಡೆಯುವಾಗಲೇ ಡ್ರೋನ್ ಹಾರಿಸಿ ಇಡೀ ಇಳಿಜಾರಿನ ಚಿತ್ರ ತೆಗೆಯಲು ಅರ್ಧ ಗಂಟೆ ಸಾಕು. ಕುಸಿಯದೆ ಉಳಿದ ಪಕ್ಕದ ಭಾಗವೇ ಅತ್ಯುತ್ತಮ ಸಾಕ್ಷಿ, ಯಾಕೆಂದರೆ ಕಡಿದದ್ದು ಹೇಗಿತ್ತು ಎಂದು ಅದು ತೋರಿಸುತ್ತದೆ. ಅಲ್ಲಿ ಕಡಿತದ ಎತ್ತರ, ಕೋನ, ಮೆಟ್ಟಿಲುಗಳಿವೆಯೇ, ರಸ್ತೆ ಅಂಚಿನಿಂದ ಬುಡಕ್ಕೆ ಎಷ್ಟು ದೂರ, ಚರಂಡಿಯ ಅಗಲ ಆಳ, ಅದರೊಳಗಿನ ಹೂಳು, ಬಸಿಯುವ ಪೈಪುಗಳ ಸಂಖ್ಯೆ, ಅವುಗಳಲ್ಲಿ ತೆರೆದಿರುವವು ಎಷ್ಟು, ಎಲ್ಲವೂ ಅಳತೆ ಪಟ್ಟಿಯೊಂದಿಗೆ ಮಹಜರಿನಲ್ಲಿ ಬರಬೇಕು. ಮಣ್ಣಿನ ಮಾದರಿಯನ್ನು ಕೊಳವೆಯಲ್ಲಿ ಕದಡದಂತೆ ತೆಗೆದು ಎರಡೂ ತುದಿಗೆ ಮೇಣ ಬಿಗಿಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಹೋದ ಮಣ್ಣಿನಿಂದ ಅದರ ಬಲ ಎಷ್ಟಿತ್ತು ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ಪಂಚರಲ್ಲಿ ಒಬ್ಬರಾದರೂ ಸಿವಿಲ್ ಎಂಜಿನಿಯರ್ ಇರಲಿ, ಆದರೆ ಆರೋಪಕ್ಕೆ ಗುರಿಯಾಗಬಹುದಾದ ಇಲಾಖೆಯವರು ಬೇಡ. ಹೋಬಳಿಯ ಮಳೆ ಮಾಪಕದ ಗಂಟೆವಾರು ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ‘ಹಿಂದೆಂದೂ ಕಾಣದ ಮಳೆ’ ಎಂಬ ವಾದ ಬಂದೇ ಬರುತ್ತದೆ. ಅದೇ ಮಾಪಕದ ಹಿಂದಿನ ವರ್ಷಗಳ ಅಂಕಿಯನ್ನೂ ಜೊತೆಗೆ ತರಿಸಿದರೆ ವಾದದ ತೂಕ ಗೊತ್ತಾಗುತ್ತದೆ.

ಕಾಗದದ ಬೇಟೆ 48 ಗಂಟೆಯೊಳಗೆ ಆಗಬೇಕು. ಸುರಕ್ಷಾ ಸಂಹಿತೆಯ ಕಲಂ 94ರ ನೋಟಿಸ್‌ನಲ್ಲಿ ‘ಸಂಬಂಧಪಟ್ಟ ದಾಖಲೆಗಳು’ ಎಂದು ಬರೆದರೆ ಎರಡು ಗೋಣಿ ಬೇಡದ ಕಾಗದ ಬರುತ್ತದೆ. ಹೆಸರು ಹಿಡಿದು ಕೇಳಬೇಕು: ಗುತ್ತಿಗೆ ಒಪ್ಪಂದ, ಯೋಜನಾ ವರದಿಯ ಭೂತಾಂತ್ರಿಕ ಅಧ್ಯಾಯ, ಸ್ವತಂತ್ರ ಎಂಜಿನಿಯರ್‌ನ ಮಾಸಿಕ ವರದಿಗಳು, ನಿರ್ವಹಣಾ ಕೈಪಿಡಿ, ಹೆಚ್ಚುವರಿ ಕೆಲಸದ ಪತ್ರಗಳು, ಪೂರ್ಣತೆಯ ಪ್ರಮಾಣಪತ್ರ, ಹಿಂದಿನ ಸಣ್ಣ ಕುಸಿತಗಳ ಮಣ್ಣು ತೆಗೆದ ಬಿಲ್ಲುಗಳು. ಕೊನೆಯದನ್ನು ಮರೆಯುವವರೇ ಹೆಚ್ಚು. ಅದೇ ಜಾಗದಲ್ಲಿ ಹೋದ ವರ್ಷ ಹತ್ತು ಟಿಪ್ಪರ್ ಮಣ್ಣು ತೆಗೆದದ್ದಕ್ಕೆ ಹಣ ಪಾವತಿಯಾಗಿದ್ದರೆ, ಅಪಾಯ ಗೊತ್ತಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ. ಇ-ಮೇಲ್ ಮತ್ತು ವಾಟ್ಸ್ಆ್ಯಪ್ ಸಂದೇಶಗಳಿಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನು ಅಂದೇ ಪಡೆಯಬೇಕು. ನಾಲ್ಕು ವರ್ಷದ ನಂತರ ವಿಚಾರಣೆಯಲ್ಲಿ ನೆನಪಾದರೆ ಸಹಿ ಹಾಕುವವರು ಕೆಲಸ ಬಿಟ್ಟಿರುತ್ತಾರೆ. ಕಂಪನಿಯಲ್ಲೂ ಪ್ರಾಧಿಕಾರದಲ್ಲೂ ಯಾವ ಹುದ್ದೆಗೆ ಎಷ್ಟು ಮೊತ್ತದವರೆಗೆ ಮಂಜೂರಾತಿ ಅಧಿಕಾರ ಎಂಬ ಪಟ್ಟಿ ಇರುತ್ತದೆ. ಅದನ್ನು ತರಿಸಿಕೊಂಡರೆ ‘ಇತರರು’ ಎಂಬಲ್ಲಿ ಹುದ್ದೆಗಳು ಕಾಣತೊಡಗುತ್ತವೆ.

ಸರ್ಕಾರಿ ನೌಕರರ ಮೇಲೆ ಕ್ರಮಕ್ಕೆ ಅನುಮತಿ ಬೇಕು ಎಂದು ಕಡತ ನಿಲ್ಲಿಸುವ ರೂಢಿ ಇದೆ. ತನಿಖೆಗೆ ಆ ಅನುಮತಿ ಬೇಡ, ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಬೇಕು. ಸುರಕ್ಷಾ ಸಂಹಿತೆಯ ಕಲಂ 218ರಲ್ಲಿ ಈಗ ಗಡುವೂ ಇದೆ: 120 ದಿನದಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ. ಕೋರಿಕೆ ಕಳುಹಿಸಿದ ದಿನದ ಸ್ವೀಕೃತಿಯನ್ನು ಜೋಪಾನ ಮಾಡಿದರೆ ಆಯಿತು. ಸರ್ಕಾರಿ ಒಡೆತನದ ಕಂಪನಿಗಳ ಅಧಿಕಾರಿಗಳಿಗೆ ಈ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ.

ಶಿಕ್ಷೆಯ ಲೆಕ್ಕದಲ್ಲಿ ಹೆಚ್ಚಿನವರು ಗಮನಿಸದ ಒಂದು ಗಂಟು ಇದೆ. 106(1)ರಲ್ಲಿ ದಂಡಕ್ಕೆ ಮೇಲ್ಮಿತಿ ಬರೆದಿಲ್ಲ. ಆದರೆ ಈ ಪ್ರಕರಣ ನಡೆಯುವುದು ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ಮುಂದೆ, ಅವರು ಹಾಕಬಹುದಾದ ದಂಡ ಗರಿಷ್ಠ 50,000 ರೂಪಾಯಿ. ಜೈಲಿಗೆ ಹೋಗಲಾರದ ಕಂಪನಿಗೆ ಅದು ಒಂದು ದಿನದ ಟೋಲಿನ ಚಿಲ್ಲರೆ. ಮುಖ್ಯ ನ್ಯಾಯಿಕ ದಂಡಾಧಿಕಾರಿಗಳಿಗೆ (ಸಿಜೆಎಂ) ದಂಡದ ಈ ಮಿತಿ ಇಲ್ಲ. ಆದ್ದರಿಂದ ಸಂಸ್ಥೆಯೊಂದು ಆರೋಪಿಯಾದ ಪ್ರಕರಣಗಳನ್ನು ಕಾರವಾರದ ಸಿಜೆಎಂ ನ್ಯಾಯಾಲಯದಲ್ಲಿ ನಡೆಸಲು ಅಭಿಯೋಜನಾ ಇಲಾಖೆ ಆರಂಭದಲ್ಲೇ ಅರ್ಜಿ ಹಾಕಬೇಕು. ರಸ್ತೆಯ ವಿನ್ಯಾಸ, ನಿರ್ವಹಣೆಯ ದೋಷದಿಂದ ಸಾವಾದರೆ ಮೋಟಾರು ವಾಹನ ಕಾಯ್ದೆಯ ಕಲಂ 198-ಎಯನ್ನೂ ಸೇರಿಸಿ. ಅದರಲ್ಲಿ ಪ್ರಾಧಿಕಾರ, ಗುತ್ತಿಗೆದಾರ, ಸಲಹಾ ಸಂಸ್ಥೆ, ಟೋಲ್ ಕಂಪನಿ ಎಲ್ಲರನ್ನೂ ಹೆಸರು ಹಿಡಿದು ಹೇಳಿದೆ. ದಂಡ ಒಂದು ಲಕ್ಷದವರೆಗೆ. 2019ರಿಂದ ಜಾರಿಯಲ್ಲಿದೆ. ಹೊಂಡ ತಪ್ಪಿಸಲು ಹೋಗಿ ಬಿದ್ದ ಬೈಕ್ ಸವಾರನ ಮೇಲೆಯೇ ‘ಅತಿವೇಗ’ ಎಂದು ಬರೆಯುವ ಠಾಣೆಗಳಲ್ಲಿ ಈ ಕಲಂ ಯಾರಿಗಾದರೂ ಬಾಯಿಗೆ ಬರುತ್ತದೆಯೇ, ತಾವೇ ಒಮ್ಮೆ ಕೇಳಿ ನೋಡಬೇಕು.

ನ್ಯಾಯ ಸಂಹಿತೆಯ ಕಲಂ 105 (ಕೊಲೆಯಲ್ಲದ ನರಹತ್ಯೆ) ಹಾಕಬೇಕೋ ನಿರ್ಲಕ್ಷ್ಯದ 106 ಸಾಕೋ ಎಂಬ ಪ್ರಶ್ನೆಯಲ್ಲಿ ಆವೇಶ ಬೇಡ. ಭೋಪಾಲದ ಅನಿಲ ದುರಂತದ ಪ್ರಕರಣದಲ್ಲಿ ಗಂಭೀರ ಕಲಮನ್ನು ಸುಪ್ರೀಂ ಕೋರ್ಟ್ 1996ರಲ್ಲಿ 304-ಎಗೆ ಇಳಿಸಿತು. 2010ರಲ್ಲಿ ಶಿಕ್ಷೆಯಾದಾಗ ಅಧಿಕಾರಿಗಳಿಗೆ ಎರಡು ವರ್ಷ, ಕಂಪನಿಗೆ ಸುಮಾರು ಐದು ಲಕ್ಷ ರೂಪಾಯಿ ದಂಡ. ಸಾವು ಸಂಭವಿಸಬಹುದೆಂಬ ಅರಿವು ಇತ್ತು ಎಂದು ತೋರಿಸುವ ಕಾಗದ ಕೈಯಲ್ಲಿದ್ದರೆ ಮಾತ್ರ 105 ಗಟ್ಟಿ. ಮೊದಲು ಹೇಳಿದ ನಿರ್ದೇಶನದ ಪತ್ರ ಇಲ್ಲೂ ಕೆಲಸಕ್ಕೆ ಬರುತ್ತದೆ.

ದೋಣಿ ಮತ್ತು ಬೀಚಿನ ವಿಷಯಕ್ಕೂ ಇದೇ ಕ್ರಮ, ಚಿಕ್ಕದಾಗಿ. ಮಿತಿ ಮೀರಿ ಜನ ತುಂಬಿದ ಅಥವಾ ಅಸುರಕ್ಷಿತ ದೋಣಿಯಲ್ಲಿ ಬಾಡಿಗೆಗೆ ಒಯ್ಯುವುದಕ್ಕೆ ನ್ಯಾಯ ಸಂಹಿತೆಯ ಕಲಂ 284 ಇದೆ, ಆರು ತಿಂಗಳು. ಅದು ದೋಣಿಯವನಿಗೆ. ಜಾತ್ರೆಗೆ ಅನುಮತಿ ಕೊಟ್ಟವರು ದೋಣಿಗಳ ಸಂಖ್ಯೆ, ಪ್ರತಿ ದೋಣಿಗೆ ಜನರ ಮಿತಿ, ಲೈಫ್ ಜಾಕೆಟ್ ಎಣಿಕೆ, ದಡದಲ್ಲಿ ಎಣಿಸುವವರ ಹೆಸರು ಇವನ್ನು ಆದೇಶದಲ್ಲಿ ಬರೆದಿದ್ದರೇ ಎಂದು ಯಾರೂ ಕೇಳುವುದಿಲ್ಲ. ಮುರ್ಡೇಶ್ವರ, ಗೋಕರ್ಣದ ಕಡಲತೀರಗಳಲ್ಲಿ ಜೀವರಕ್ಷಕರ ಪಾಳಿ, ಕೆಂಪು ಬಾವುಟ ಹಾರಿಸುವ ಅಧಿಕಾರ, ಈಜು ನಿಷೇಧದ ಗೆರೆ ಯಾರ ಜವಾಬ್ದಾರಿ ಎಂಬುದು ಒಂದೇ ಕಾಗದದಲ್ಲಿ, ಒಂದೇ ಹುದ್ದೆಯ ಹೆಸರಿನಲ್ಲಿ ಇರಲಿ. ಪ್ರವಾಸೋದ್ಯಮ, ಪಂಚಾಯಿತಿ, ಪೊಲೀಸ್ ಮೂವರ ಮೇಲೂ ಹಾಕಿದರೆ ಯಾರ ಮೇಲೂ ಹಾಕಿದಂತಲ್ಲ.

ಜಿಲ್ಲೆಯ ಕೈಯಲ್ಲಿ ಇಲ್ಲದ್ದೂ ಒಂದಿದೆ. 1987ರಲ್ಲಿ ಬೆಲ್ಜಿಯಂನ ಬಂದರಿನಿಂದ ಬಾಗಿಲು ತೆರೆದಿಟ್ಟೇ ಹೊರಟ ಬ್ರಿಟನ್ನಿನ ಕಂಪನಿಯೊಂದರ ಹಡಗು ಮುಳುಗಿ 193 ಜನ ಸತ್ತರು. ಕಂಪನಿಯೊಳಗಿನ ಯಾವೊಬ್ಬ ಹಿರಿಯನ ಮೇಲೂ ತಪ್ಪು ಪೂರ್ತಿ ಕೂರಲಿಲ್ಲವೆಂದು 1990ರಲ್ಲಿ ಮೊಕದ್ದಮೆ ಬಿದ್ದುಹೋಯಿತು. ಕೊನೆಗೆ ಬ್ರಿಟನ್ನಿನವರು 2007ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದರು: ಒಬ್ಬ ವ್ಯಕ್ತಿಯನ್ನು ಹುಡುಕಬೇಕಿಲ್ಲ, ಹಿರಿಯ ಆಡಳಿತ ಸಂಸ್ಥೆಯನ್ನು ನಡೆಸಿದ ರೀತಿಯೇ ಘೋರ ಲೋಪವಾಗಿದ್ದರೆ ಸಂಸ್ಥೆಯೇ ಅಪರಾಧಿ. ಸರ್ಕಾರಿ ಇಲಾಖೆಗಳೂ ಪೊಲೀಸ್ ಪಡೆಗಳೂ ಅದರೊಳಗೆ ಬರುತ್ತವೆ. ದಂಡಕ್ಕೆ ಮಿತಿಯಿಲ್ಲ, ಶಿಕ್ಷೆಯಾದದ್ದನ್ನು ತನ್ನ ಖರ್ಚಿನಲ್ಲಿ ತಾನೇ ಪ್ರಕಟಿಸಬೇಕೆಂದೂ ಕೋರ್ಟ್ ಹೇಳಬಹುದು. ನಮ್ಮಲ್ಲಿ ಅಂಥದ್ದಿಲ್ಲ. ಪತ್ರದ ಪ್ರತಿಯನ್ನು ಜಿಲ್ಲೆಯ ಶಾಸಕರಿಗೂ ಸಂಸದರಿಗೂ ಕಳುಹಿಸುತ್ತಿರುವುದು ಈ ಭಾಗಕ್ಕಾಗಿ.

ತಮ್ಮಿಂದ ನಾವು ಬಯಸುವುದು ರೋಹಿಣಿ ಮಳೆಗೆ ಮುಂಚೆ ಆಗಬಹುದಾದಷ್ಟೇ. ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯ ಅಪಾಯದ ಇಳಿಜಾರುಗಳಿಗೂ, ದೇವಿಮನೆ ಮತ್ತು ಅರಬೈಲ್ ಘಟ್ಟಗಳಿಗೂ ಜಾಗವಾರು ನಿರ್ದೇಶನ ಹೊರಡಲಿ. ಅದರ ಪ್ರತಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಲಿ. ಈಗಾಗಲೇ ದಾಖಲಾದ ಪ್ರಕರಣಗಳಲ್ಲಿ, ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 193ರಲ್ಲೇ ಇದೆ. ಆ ಗಡುವು ದಾಟಿದ ಪ್ರಕರಣಗಳಲ್ಲಿ ಸತ್ತವರ ಮನೆಗಳಿಗೆ ಮುಂದಿನ ವಾರದೊಳಗೆ ಒಂದು ಕಾಗದ ಹೋಗಲಿ, ಕನ್ನಡದಲ್ಲಿ, ತನಿಖಾಧಿಕಾರಿಯ ಹೆಸರು ಮತ್ತು ಠಾಣೆಯ ಫೋನ್ ನಂಬರಿನೊಂದಿಗೆ.

ಇಂತಿ,
ಜಿಲ್ಲೆಯ ಕೆಲವು ವಕೀಲರು ಮತ್ತು ನಿವೃತ್ತ ರಸ್ತೆ ಎಂಜಿನಿಯರುಗಳು
ಕಾರವಾರ, ಅಂಕೋಲಾ, ಕುಮಟಾ, ಶಿರಸಿ